ಜರ್ಮನಿ ಮಹೇಶ್ವರನ ತೊಂಬತ್ತೇಳನೆಯ ಗೋಲು

ಹಿರೇಕೊಡಿಗೆಯ ಮಹೇಶ್ವರ ಜರ್ಮನಿಗೆ ಹೋದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೊಪ್ಪದ ಈಗಿನ ಹುಡುಗರು 'ಜರ್ಮನಿ ಮಹೇಶಣ್ಣ' ಎಂಬ ಹೆಸರು ಕೇಳಿ, ಅವನು ಅಲ್ಲೆಲ್ಲೋ ದೊಡ್ಡ ಕ್ಲಬ್ಬಿಗೆ ಆಡಿ ಬಂದವನೆಂದೇ ನಂಬಿದ್ದಾರೆ. ಅವನು ಘಟ್ಟ ಇಳಿದದ್ದೇ ನಾಲ್ಕು ಸಲ, ಅದರಲ್ಲಿ ಎರಡು ಸಲ ಮದುವೆ ದಿಬ್ಬಣದ ಜೊತೆ. 1990ರಲ್ಲಿ ಜರ್ಮನಿಯವರು ವಿಶ್ವಕಪ್ ಗೆದ್ದರಲ್ಲ, ಆಗ ಹದಿನೆಂಟು ವರ್ಷದ ಈ ಪುಣ್ಯಾತ್ಮ ಬಿಳಿ ಬನಿಯನ್ನಿನ ಎದೆಗೆ ಎನಾಮಲ್ ಪೇಂಟಿನಲ್ಲಿ ಕಪ್ಪು, ಕೆಂಪು, ಹಳದಿ ಪಟ್ಟೆ ಬಳಿದುಕೊಂಡು ಆಡಲು ಬಂದ. ಪೇಂಟು ಒಣಗಿರಲಿಲ್ಲ. ಅವನನ್ನು ತಡೆಯಲು ಹೋದವರ ಅಂಗಿಗೆಲ್ಲ ಬಣ್ಣ ಮೆತ್ತಿಕೊಂಡಿತು. ಅಂದಿನಿಂದ ಅವನು ಜರ್ಮನಿ.

ನಾನು ರೇಣುಕಾಪ್ರಸಾದ್. ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹನ್ನೊಂದು ವರ್ಷ ಹಿರೇಕೊಡಿಗೆ ತಂಡದ ಎಡಗಡೆ ಓಡಿದವನು ನಾನು, ಮಹೇಶ್ವರನ ಕಾಲಿಗೆ ಚೆಂಡು ತಂದು ಕೊಟ್ಟವನು. ಅವನ ಗೋಲುಗಳನ್ನು ಡೈರಿಯಲ್ಲಿ ಬರೆದಿಟ್ಟವನೂ ನಾನೇ. ಒಟ್ಟು ತೊಂಬತ್ತೇಳು. ಅದರಲ್ಲಿ ಅರವತ್ತಕ್ಕಾದರೂ ಚೆಂಡು ಹೋದದ್ದು ನನ್ನಿಂದ. ಅದನ್ನು ಯಾರೂ ನೆನೆಯುವುದಿಲ್ಲ, ಹೋಗಲಿ.

ಆಗ ನಮ್ಮಲ್ಲಿ ಮೂರು ತಾಲ್ಲೂಕು ಲೀಗ್ ಅಂತ ಇತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಎಂಟು ತಂಡ. ಭತ್ತ ಕೊಯ್ದ ಗದ್ದೆಗಳೇ ಮೈದಾನ. ಸುಗ್ಗಿ ಮುಗಿದ ಮೇಲೆ ಶುರುವಾಗಿ ಮೊದಲ ಮಳೆಗೆ ಮುಗಿಯುತ್ತಿತ್ತು. ಬರಿಗಾಲಿನಲ್ಲಿ ಭತ್ತದ ಕೂಳೆಯ ಮೇಲೆ ಓಡಿ ಓಡಿ ನಮ್ಮ ಅಂಗಾಲು ಜರಡಿಯಾಗಿದ್ದವು. ಮಹೇಶ್ವರ ಶೃಂಗೇರಿ–ಕೊಪ್ಪ–ಎನ್.ಆರ್.ಪುರ ಪ್ರೈವೇಟ್ ಬಸ್ಸಿನ ಕಂಡಕ್ಟರ್. ಮಲೆನಾಡಿನ ತಿರುವುಗಳಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿಯುವ ಕಾಲು ಅದು. ಯಾವ ಡಿಫೆಂಡರ್ ಗುದ್ದಿದರೂ ಅಲುಗುತ್ತಿರಲಿಲ್ಲ.

ಲೀಗಿನ ಮೊದಲೆರಡು ವರ್ಷ ರೆಫ್ರಿಗಳಿಗೆ ಒದೆ ಬಿದ್ದದ್ದೇ ಹೆಚ್ಚು. ಗೋಲು ಹೌದು ಅಂದರೆ ಒಂದು ಊರಿನವರು ಹೊಡೆಯುತ್ತಿದ್ದರು, ಅಲ್ಲ ಅಂದರೆ ಇನ್ನೊಂದು ಊರಿನವರು. ಮೂರನೆಯ ವರ್ಷ ಡ್ರಿಲ್ ಮಾಸ್ಟರ್ ಮಲ್ಲೇಶಪ್ಪನವರು ಒಂದು ಪದ್ಧತಿ ತಂದರು. ರೆಫ್ರಿಗೆ ಸರಿಯಾಗಿ ಕಾಣದಿದ್ದರೆ ಹೊಡೆದವನನ್ನೇ ಕೇಳುವುದು. ಅವನು ಚೆಂಡಿನ ಮೇಲೆ ಕೈಯಿಟ್ಟು, ಆ ಊರಿನ ಚೌಡಿಯ ಕಡೆ ಮುಖ ಮಾಡಿ ಆಣೆ ಹಾಕಿ ಹೇಳಬೇಕು. ಕೊನೆಗೆ 'ಸುಳ್ಳಾದರೆ ಕಣ್ಣು ನಿನ್ನದು' ಎನ್ನಬೇಕು. ಚೌಡಿಗೆ ಗುಡಿ ಗೋಪುರ ಇರುವುದಿಲ್ಲ, ಮರದ ಬುಡದಲ್ಲಿ ಎರಡು ಕಲ್ಲು, ಅಷ್ಟೇ. ಆದರೆ ಕೋರ್ಟಿನಲ್ಲಿ ಹೊಟ್ಟೆತುಂಬ ಸುಳ್ಳು ಹೇಳಿ ಬರುವ ನಮ್ಮ ಜನ ಅವಳೆದುರು ಬಾಯಿ ತೆರೆಯಲು ಹೆದರುತ್ತಾರೆ. ಏಳು ಸಲ ಆಣೆ ಕೇಳಿದ್ದರು. ಏಳೂ ಸಲ ಹೊಡೆದವನು ತಲೆ ತಗ್ಗಿಸಿ "ಗೋಲಲ್ಲ" ಎಂದಿದ್ದ. ಒಬ್ಬನೂ ಸುಳ್ಳು ಹೇಳಿರಲಿಲ್ಲ.

2001ರ ಮೇ ತಿಂಗಳು, ಕಡಹಿನಬೈಲಿನಲ್ಲಿ ಫೈನಲ್. ಆ ಊರಿನ ತಂಡಕ್ಕೂ ನಮಗೂ. ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಿಂದ ಇಬ್ಬರು ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಟ ಹಿಡಿಸಿದರೆ ಕರೆಸಿಕೊಂಡು ಕೆಲಸ ಕೊಡುತ್ತಾರೆ ಎಂದು ಸುದ್ದಿ. ಮಹೇಶ್ವರನಿಗೆ ಇಪ್ಪತ್ತೊಂಬತ್ತು ದಾಟಿತ್ತು. ಇನ್ನೊಂದು ಅವಕಾಶ ಬರುವುದಿಲ್ಲ ಎನ್ನುವುದು ಅವನಿಗೂ ಗೊತ್ತು, ನನಗೂ ಗೊತ್ತು.

ಅವರ ಗೋಲ್‌ಕೀಪರನ ಹೆಸರು ಕೊರಗ. ಅವನ ಅಪ್ಪ ಅಮ್ಮ ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದವರು. ಮರದ ಮೇಲಿನಿಂದ ಕೊಯ್ದು ಬಿಡುವ ಅಡಿಕೆ ಗೊನೆಯನ್ನು ಕೆಳಗೆ ನಿಂತು ಹಿಡಿಯುವುದು ಅವನ ಕೆಲಸ. ನೆಲಕ್ಕೆ ಬಿದ್ದರೆ ಅಡಿಕೆ ಚೆಲ್ಲಾಪಿಲ್ಲಿಯಾಗುತ್ತದೆ. ಅವನ ಕೈ ತಪ್ಪಿ ಒಂದು ಗೊನೆಯೂ ಬಿದ್ದದ್ದಿಲ್ಲವೆಂದು ಆ ಊರಿನವರು ಹೆಮ್ಮೆಯಿಂದ ಹೇಳುತ್ತಿದ್ದರು. ಅಂಥವನು ಗೋಲಿನಲ್ಲಿ ನಿಂತರೆ ಕೇಳಬೇಕೆ? ಅವತ್ತು ಮಹೇಶ್ವರನ ಐದು ಹೊಡೆತ ಹಿಡಿದ.

ಆಟ ಮುಗಿಯಲು ಐದು ನಿಮಿಷ ಇತ್ತು, ಇಬ್ಬರದ್ದೂ ಸೊನ್ನೆ. ನಾನು ಎಡಬದಿಯಿಂದ ಚೆಂಡು ಎತ್ತಿ ಕೊಟ್ಟೆ. ಮಹೇಶ್ವರ ಅದು ನೆಲ ಮುಟ್ಟುವ ಮೊದಲೇ ಬಾರಿಸಿದ. ಚೆಂಡು ನನ್ನ ಬದಿಯ ಕಂಬದ ಹೊರಗಿನಿಂದ ಹೋಗಿ, ಪಕ್ಕದ ಬಲೆ ಹರಿದಿದ್ದ ಜಾಗದಲ್ಲಿ ತೂರಿ ಒಳಗೆ ಬಿತ್ತು. ನಾನು ಕಂಬದಿಂದ ಎಂಟು ಹೆಜ್ಜೆ ದೂರ ಇದ್ದೆ. ಸ್ಪಷ್ಟವಾಗಿ ನೋಡಿದೆ.

ಮಲ್ಲೇಶಪ್ಪನವರ ಕಣ್ಣಿಗೆ ಇಳಿಬಿಸಿಲು ಹೊಡೆಯುತ್ತಿತ್ತು. ಲೈನಿನಲ್ಲಿ ನಿಲ್ಲಬೇಕಾದವನು ಗದ್ದೆಗೆ ನುಗ್ಗಿದ ದನ ಓಡಿಸುತ್ತಿದ್ದ. ಕೊರಗ ಎದ್ದು ಮೈ ಕೊಡವಿಕೊಂಡು, "ಹೊರಗೆ ಹೋಯ್ತು ಸಾರ್" ಎಂದ. ಕೂಗಾಡಲಿಲ್ಲ. ಮಲ್ಲೇಶಪ್ಪ ಚೆಂಡು ತಂದು ಮಹೇಶ್ವರನ ಎದುರು ಇಟ್ಟರು. "ಆಣೆ ಹಾಕಿ ಹೇಳು ಮಾರಾಯ" ಎಂದರು. ಗದ್ದೆಯ ಅಂಚಿನಲ್ಲೇ ಚೌಡಿಯ ಬನ.

ಮಹೇಶ್ವರ ಆಗ ಒಂದು ಸಲ ನನ್ನ ಕಡೆ ನೋಡಿದ. ನಾನು ಬಗ್ಗಿ, ಅಂಗಾಲಿಗೆ ಮುಳ್ಳು ಹೊಕ್ಕವನ ಹಾಗೆ ಕಾಲು ಹಿಡಿದುಕೊಂಡೆ. ಯಾವ ಮುಳ್ಳೂ ಇರಲಿಲ್ಲ.

"ಅಮ್ಮಾ, ಚೆಂಡು ಒಳಗೇ ಹೋಯ್ತು. ಸುಳ್ಳಾದ್ರೆ ಕಣ್ಣು ನಿಂದು."

ಆ ಲೀಗಿನಲ್ಲಿ ಆಣೆ ಹಾಕಿ ಹೌದು ಅಂದ ಮೊದಲ ಮಾತು ಅದು. ಯಾರೂ ಅನುಮಾನ ಪಡಲಿಲ್ಲ. ಅನುಮಾನ ಪಡಬೇಕಾಗಿದ್ದ ಕೊರಗನೂ ಪಡಲಿಲ್ಲ. ಅವನು ಕಂಬವನ್ನು ನೋಡಿದ, ಬಲೆಯನ್ನು ನೋಡಿದ. "ಆಣೆ ಹಾಕಿದ್ರಲ್ಲ. ಹಂಗಾದ್ರೆ ನಂಗೇ ಸಮ ಕಾಣ್ಲಿಲ್ಲ" ಎಂದು, ತಾನೇ ಚೆಂಡು ಎತ್ತಿಕೊಂಡು ನಡುಗದ್ದೆಗೆ ನಡೆದು ಹೋಗಿ ಇಟ್ಟು ಬಂದ. ನಾವು ಗೆದ್ದೆವು. ನಾನು ಮನೆಗೆ ಹೋಗಿ ಡೈರಿಯಲ್ಲಿ ತೊಂಬತ್ತೇಳು ಎಂದು ಬರೆದೆ.

ತೊಂಬತ್ತೆಂಟು ಬರಲೇ ಇಲ್ಲ. ಕಾರ್ಖಾನೆಯವರು ಕರೆದರು. ಜೊತೆಗೆ ನಾನೂ ಬೆಂಗಳೂರಿಗೆ ಹೋಗಿದ್ದೆ. ಹುಲ್ಲು ಹಾಸಿದ ನಿಜವಾದ ಮೈದಾನ, ಹೊಸ ಬಲೆ, ಕಾಲಿಗೆ ಅವರೇ ಕೊಟ್ಟ ಬೂಟು. ಆರು ಸಲ ಚೆಂಡು ಅವನ ಕಾಲಿಗೆ ಬಂತು. ಆರು ಸಲವೂ ಗೋಲಿನೆದುರು ನಿಂತ, ಹೊಡೆಯಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನು ಬಾಯಿಗೆ ಬಂದಂತೆ ಬೈದೆ.

"ಎಂತ ಆಯ್ತಾ ನಿಂಗೆ? ಗೂಟದ ಹಾಗೆ ನಿಂತಿದ್ಯಲ್ಲ!"

"ಗೋಲಲ್ಲಿ ಕೊರಗ ನಿಂತಿದ್ದ ಮಾರಾಯ" ಎಂದ ಮಹೇಶ್ವರ. "ಹೊಡೆದ್ರೆ ಚೆಂಡು ತಗೊಂಡು ನಡುವಿಗೆ ಹೋಗಿ ಇಡ್ತಾನೆ. ನಂಗೆ ಅದು ನೋಡ್ಲಿಕ್ಕೆ ಆಗ್ದು."

ಸುಸ್ತಾಗಿದ್ದಾನೆ, ಎರಡು ದಿನ ಮಲಗಿ ಎದ್ದರೆ ಸರಿಹೋಗುತ್ತದೆ ಅಂದುಕೊಂಡೆ. ಸರಿಹೋಗಲಿಲ್ಲ. ಮುಂದಿನ ವರ್ಷ ಲೀಗೂ ನಿಂತಿತು. ಮಹೇಶ್ವರ ಟಿಕೆಟ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಳೆಯ ಬಸ್ಸಿಗೇ ಹತ್ತಿದ. ಅಲ್ಲಿಯೂ ಕಾಟ ಬಿಡಲಿಲ್ಲ. ಕಡಹಿನಬೈಲು ದಾಟಿದ ಮೇಲೆ ತಲೆ ಎಣಿಸಿದರೆ ಯಾವಾಗಲೂ ಒಂದು ಜನ ಹೆಚ್ಚು. ಮತ್ತೆ ಹಿಂದಿನಿಂದ ಮುಂದಕ್ಕೆ ಎಣಿಸುತ್ತಿದ್ದ, ಆಗ ಸರಿಯಾಗುತ್ತಿತ್ತು. ಡ್ರೈವರ್ ತಮಾಷೆ ಮಾಡುತ್ತಿದ್ದ. ಮಹೇಶ್ವರ ನಗುತ್ತಿರಲಿಲ್ಲ.

ಮದುವೆಯಾದ. ಹೆಂಡತಿ ಮಲ್ಲಿಕಾ ಗಟ್ಟಿ ಹೆಂಗಸು, ಆದರೆ ಅವಳೂ ಮೊದಲ ವರ್ಷ ಹೆದರಿದ್ದಳು. ಬಾಗಿಲ ಚೌಕಟ್ಟು ಕಂಡರೆ ಗಂಡನಿಗೆ ಗೋಲು ಕಂಬ. ಹಗಲು ಹೊತ್ತಿನಲ್ಲೇ, ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತಿದ್ದ. ಅಲ್ಲಿ ಯಾರೋ ಎರಡೂ ಕೈ ಚಾಚಿ ನಿಂತಿದ್ದಾರೆ ಎನ್ನುತ್ತಿದ್ದ. ಅವಳು ಮನೆಯ ಎಲ್ಲ ಬಾಗಿಲಿಗೂ ಪರದೆ ಹೊಲಿದು ಹಾಕಿದಳು. ಆ ಮನೆಗೆ ಹೋದರೆ ಬಟ್ಟೆ ಅಂಗಡಿಗೆ ಹೋದ ಹಾಗಾಗುತ್ತದೆ ಎಂದು ನಾನು ಛೇಡಿಸಿದ್ದೇನೆ. ಈಗ ನಾಚಿಕೆಯಾಗುತ್ತದೆ.

ಅವನನ್ನು ಹೆಚ್ಚು ಹಿಂಡಿದ್ದು ಶಿಕ್ಷೆಯಲ್ಲ, ಶಿಕ್ಷೆ ಬಾರದೇ ಇದ್ದದ್ದು. ಮಗಳಿಗೆ ಜ್ವರ ಬಂದರೆ ಇದೇ ಎಂದುಕೊಳ್ಳುತ್ತಿದ್ದ, ಜ್ವರ ಇಳಿಯುತ್ತಿತ್ತು. ಬ್ರೇಕ್ ಫೇಲಾಗಿ ಬಸ್ಸು ಚರಂಡಿಗೆ ಇಳಿದಾಗ ಇದೇ ಎಂದುಕೊಂಡ, ಯಾರಿಗೂ ಪೆಟ್ಟಾಗಲಿಲ್ಲ. ಇಪ್ಪತ್ತೆರಡು ವರ್ಷ ಹೀಗೆ ಕಾದ. ನಾನು ಕಾಯಲಿಲ್ಲ. ಆಣೆ ಹಾಕಿದವನು ಅವನು, ನನಗೇನು ಎಂದು ಆರಾಮಾಗಿದ್ದೆ.

ಹೋದ ವರ್ಷ ಮಹೇಶ್ವರನ ಕಣ್ಣು ಮಂಜಾಯಿತು. ಬಲಗಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣದು. ಡಾಕ್ಟರು ನೋಡಿ, ಪೊರೆ ಬಲಿತಿದೆ, ಸಣ್ಣ ಆಪರೇಷನ್, ಮರುದಿನವೇ ಮನೆಗೆ ಹೋಗಬಹುದು ಎಂದರು. ಹೀಗೇ ಬಿಟ್ಟರೆ ಮಾತ್ರ ಒಳಗೆ ಒತ್ತಡ ಏರಿ ನರವೇ ಸತ್ತೀತು, ಆಮೇಲೆ ಯಾರು ಬಂದರೂ ಕಣ್ಣು ಬರುವುದಿಲ್ಲ ಎಂದೂ ಹೇಳಿದರು. ಮಹೇಶ್ವರ ಎದ್ದು ಕೈಮುಗಿದು ಮನೆಗೆ ಬಂದ. ಆಪರೇಷನ್ ಬೇಡ ಎಂದ.

ಮಲ್ಲಿಕಾ ನನ್ನ ಅಂಗಡಿಗೆ ಬಂದು ಅತ್ತಳು. "ಪ್ರಸಾದಣ್ಣ, ನಿಮ್ಮ ಮಾತಾದ್ರೂ ಕೇಳ್ತಾರೇನೋ. ಒಂದು ಕಣ್ಣು ಹೋದ ಹಾಗೇ. ಇನ್ನೊಂದೂ ಮಂಜಾಗ್ತಾ ಬಂತು."

ನಾನು ಅಂಗಡಿ ಮುಚ್ಚಿ ಹಿರೇಕೊಡಿಗೆಗೆ ಹೋಗಿ ಕೂಗಾಡಿದೆ. ಮಹೇಶ್ವರ ಪರದೆಯ ಪಕ್ಕದಲ್ಲಿ ಕೂತು ಕೇಳಿಸಿಕೊಂಡ. ನಾನು ಅಷ್ಟು ವರ್ಷದಲ್ಲಿ ಅವನನ್ನು ಅಷ್ಟು ನೆಮ್ಮದಿಯಾಗಿ ನೋಡಿರಲಿಲ್ಲ.

"ಕೊಟ್ಟ ಮಾತಲ್ವನಾ" ಎಂದ. "ಕಣ್ಣು ನಿಂದು ಅಂದಿದ್ದೆ. ಈಗ ಕೇಳ್ತಿದಾಳೆ. ನಾನು ಆಸ್ಪತ್ರೆಗೆ ಹೋಗಿ ಅಡಗಿ ಕೂತ್ಕಳ್ಲಾ?"

"ವಯಸ್ಸಾದವ್ರಿಗೆಲ್ಲ ಪೊರೆ ಬರ್ತದೆ ಮಾರಾಯ! ಅವ್ರೆಲ್ಲ ಆಣೆ ಹಾಕಿದ್ರಾ?"

"ಅವರದ್ದು ನಂಗೆ ಗೊತ್ತಿಲ್ಲ. ನಂದು ಗೊತ್ತುಂಟು."

ಇವನ ಹತ್ತಿರ ಡಾಕ್ಟರ ಮಾತು ನಡೆಯುವುದಿಲ್ಲ, ಚೌಡಿಯ ದಾರಿಯಲ್ಲೇ ಹೋಗಬೇಕು ಎಂದು ಹೊಳೆದದ್ದು ನನಗೆ. ಕಡಹಿನಬೈಲಿನ ಬನಕ್ಕೆ ದೀಪ ಇಡುವ ಸಣ್ಣಕ್ಕನ ಹತ್ತಿರ ಇಬ್ಬರೂ ಹೋದೆವು. ಎಂಬತ್ತು ದಾಟಿದ ಹೆಂಗಸು. ಮಹೇಶ್ವರ ನಡೆದದ್ದನ್ನೆಲ್ಲ ಹೇಳಿದ. ಅವಳು ಎಲೆಯಡಿಕೆ ಉಗಿದು ಬಂದು ಕೂತಳು.

"ಆಣೆ ಬಿಡಿಸ್ಲಿಕ್ಕೆ ಆಗ್ತದೆ" ಎಂದಳು. "ಅಡಿಕೆಯ ಹಿಂಗಾರ, ಕಾಯಿ ಇಟ್ಟು, ಆಡಿದ ಮಾತು ವಾಪಸ್ ತಗೋಬೇಕು. ಆದ್ರೆ ಯಾರ ಮೇಲೆ ಆಣೆ ಬಿತ್ತೋ ಅವನೂ ಪಕ್ಕದಲ್ಲಿ ನಿಂತು 'ಬಿಟ್ಟೆ' ಅನ್ಬೇಕು. ಅವನಿಲ್ದೆ ಆಗ್ದು."

ಕೊರಗನನ್ನು ಹುಡುಕಲು ಹದಿನೈದು ದಿನ ಹಿಡಿಯಿತು. ಅವನು ಶೃಂಗೇರಿಯಲ್ಲಿದ್ದ. ಹೊಳೆಯ ಮೀನಿಗೆ ಹಾಕಲು ಯಾತ್ರಿಕರು ಕೊಳ್ಳುವ ಪುರಿಯ ಪೊಟ್ಟಣ ಮಾರುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಮ್ಮಿಬ್ಬರನ್ನೂ ನೋಡಿದ ಕೂಡಲೇ ಗುರುತು ಹಿಡಿದು ಎದ್ದು ನಿಂತ. "ಮಹೇಶಣ್ಣ! ಪ್ರಸಾದಣ್ಣ!" ಎಂದು ಖುಷಿಪಟ್ಟ. ಚಾ ತರಿಸಿದ.

ಮಹೇಶ್ವರ ಚಾ ಮುಟ್ಟಲಿಲ್ಲ. "ಅವತ್ತು ಚೆಂಡು ಹೊರಗೆ ಹೋಗಿತ್ತು ಕೊರಗ" ಎಂದ. "ನಾನು ಸುಳ್ಳು ಆಣೆ ಹಾಕ್ದೆ. ನೀನು ಬಂದು ಬಿಟ್ಟೆ ಅಂದ್ರೆ ನಂಗೆ ಬಿಡುಗಡೆ."

ಕೊರಗ ಪೊಟ್ಟಣ ಕಟ್ಟುವುದನ್ನು ನಿಲ್ಲಿಸಲಿಲ್ಲ. ನಾಲ್ಕೈದು ಪೊಟ್ಟಣ ಕಟ್ಟಿದ ಮೇಲೆ ಮಾತಾಡಿದ. ಯಾರ ಮೇಲೂ ದೂರು ಇರಲಿಲ್ಲ ಆ ಮಾತಿನಲ್ಲಿ.

"ಆ ವರ್ಷವೇ ನಾನು ಅಡಿಕೆ ಕೊನೆ ಹಿಡಿಯೂದು ಬಿಟ್ಟೆ. ಮೇಲಿಂದ ಕೊನೆ ಬರೂದು ಕಾಣ್ತದೆ. ಕಂಡದ್ದು ಸಮವಾ ಅಂತ ಗೊತ್ತಾಗೂದು ಹೆಂಗೆ? ನನ್ನ ಕಣ್ಣು ನಂಬೂ ಹಾಗಿಲ್ಲ ಅಂತ ಚೌಡಿ ಎದ್ರು ಆಗಿಹೋಗಿತ್ತಲ್ಲ. ಕೈ ಮುಂದೆ ಮಾಡ್ತೇನೆ, ಮತ್ತೆ ಅನುಮಾನ. ನಾಕು ಕೊನೆ ಬಿದ್ವು. ಒಡೆಯರು ಬೇರೆಯವ್ರನ್ನ ನಿಲ್ಸಿದ್ರು. ಮಗ ಹುಟ್ಟಿದಾಗ ನಾನು ಎತ್ಕೊಳ್ಲೇ ಇಲ್ಲ. ಕೈ ತಪ್ತದೇನೋ ಅಂತ. ಹೆಂಡ್ತಿ ಬೈತಿದ್ಲು. ಅವ ನಡೀಲಿಕ್ಕೆ ಕಲಿತ ಮೇಲೇ ನಾನು ಅವನ ಕೈ ಹಿಡ್ದದ್ದು."

ಮಹೇಶ್ವರ ಮುಖ ಮುಚ್ಚಿಕೊಂಡು ಅಳತೊಡಗಿದ. ಯಾತ್ರಿಕರು ನಿಂತು ನೋಡಿದರು. ಕೊರಗ ಹೊಳೆಯ ಕಡೆ ನೋಡುತ್ತ, "ಶುಕ್ರವಾರ ಬರ್ತೇನೆ" ಎಂದಷ್ಟೇ ಹೇಳಿದ. ಬಿಟ್ಟೆ ಅನ್ನುತ್ತಾನೋ ಇಲ್ಲವೋ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದಿಳಿದ. ಒಗೆದ ಬಿಳಿ ಪಂಚೆ ಉಟ್ಟಿದ್ದ. ನಾವು ಆಡಿದ್ದ ಗದ್ದೆ ಈಗಿಲ್ಲ, ಅಲ್ಲಿ ಅಡಿಕೆ ಹಾಕಿದ್ದಾರೆ. ಬನ ಮಾತ್ರ ಹಾಗೆಯೇ ಇದೆ. ಸಣ್ಣಕ್ಕ ಕಲ್ಲುಗಳಿಗೆ ಕುಂಕುಮ ಹಚ್ಚಿ, ಹಿಂಗಾರ ಬಿಡಿಸಿ ಇಟ್ಟಳು. ಮಲ್ಲಿಕಾ ಗಂಡನ ಕೈ ಹಿಡಿದು ಕಲ್ಲಿನ ಎದುರು ನಿಲ್ಲಿಸಿದಳು. ಅವನಿಗೆ ಆಗಲೇ ನೆಲದ ಉಬ್ಬುತಗ್ಗು ಕಾಣುತ್ತಿರಲಿಲ್ಲ.

"ಅಮ್ಮಾ, ಅವತ್ತು ಚೆಂಡು ಹೊರಗೆ ಹೋಗಿತ್ತು. ನಾನು ಆಡಿದ್ದು ಸುಳ್ಳು. ಆ ಮಾತು ವಾಪಸ್ ತಗೊಳ್ತೇನೆ."

ಸಣ್ಣಕ್ಕ ಕೊರಗನ ಕಡೆ ತಿರುಗಿದಳು. "ಹೇಳು ಮಗಾ."

ಕೊರಗ ನಿಧಾನವಾಗಿ ನನ್ನ ಕಡೆ ನೋಡಿದ.

"ಪ್ರಸಾದಣ್ಣ, ಅವತ್ತು ಇಲ್ಲೇ ನಿಂತು ಇವರು ಒಂದು ಹೇಳಿದ್ರು. ಇವತ್ತು ಒಂದು ಹೇಳ್ತಾರೆ. ಎರಡೂ ಚೌಡಿ ಎದ್ರು. ನಾನು ಯಾವ್ದು ನಂಬೂದು? ಕಂಬದ ಹತ್ರ ಇದ್ದವ್ರು ನೀವು. ನಿಮಗೆ ಕಂಡಿತ್ತಾ?"

ಇಪ್ಪತ್ತಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

"ಕಂಡಿತ್ತು" ಎಂದೆ. "ಹೊರಗೆ ಹೋಗಿತ್ತು."

"ಎಷ್ಟು ಹೊರಗೆ?"

"ಒಂದು ಗೇಣು."

ಕೊರಗ ತನ್ನ ಬಲಗೈ ಎತ್ತಿ, ಹೆಬ್ಬೆರಳು ಕಿರುಬೆರಳು ಅಗಲಿಸಿ, ಆ ಗೇಣನ್ನು ತುಂಬ ಹೊತ್ತು ನೋಡಿದ. "ನಂಗೂ ಒಂದು ಗೇಣು ಅಂತಲೇ ಕಂಡದ್ದು" ಎಂದ. "ನಂಗೆ ಸಮವೇ ಕಂಡಿತ್ತು." ಅವನ ಮುಖ ಅರಳಿತು. ಹಾಗೆ ಅರಳುತ್ತಲೇ ಕಣ್ಣಿನಲ್ಲಿ ನೀರು ಸುರಿಯಿತು. ಯಾವ ಮನುಷ್ಯನ ಸಂತೋಷವೂ ನನ್ನನ್ನು ಅಷ್ಟು ಸಂಕಟಪಡಿಸಿದ್ದಿಲ್ಲ. ಅವನು ಮಹೇಶ್ವರನ ಎರಡೂ ಕೈ ಹಿಡಿದುಕೊಂಡು, "ಬಿಟ್ಟೆ ಮಹೇಶಣ್ಣ. ಬಿಟ್ಟೆ. ಹೋಗಿ ಕಣ್ಣು ಮಾಡಿಸ್ಕೊಳ್ಳಿ" ಎಂದ. ಮಲ್ಲಿಕಾ ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಎಲ್ಲರೂ ಹಗುರಾಗಿದ್ದರು. ನಾನೂ ಹಗುರಾಗೋಣ ಎಂದುಕೊಂಡು, ನನ್ನ ಎಂದಿನ ಧಾಟಿಯಲ್ಲೇ, "ನಂದೂ ಒಂದು ಬಿಟ್ಟೆ ಅಂದ್ಬಿಡು ಕೊರಗ, ಖರ್ಚಿಲ್ಲದ್ದು" ಎಂದೆ.

ಕೊರಗ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ನಿಜವಾಗಿಯೂ ಅರ್ಥವಾಗದವನ ಹಾಗೆ ಕೇಳಿದ:

"ನಿಮ್ದು ಎಂತ ಬಿಡೂದು ಪ್ರಸಾದಣ್ಣ? ನೀವು ಆಣೆ ಹಾಕ್ಲಿಲ್ವಲ್ಲ. ಮಾತೇ ಆಡ್ಲಿಲ್ಲ. ವಾಪಸ್ ತಗೊಳ್ಲಿಕ್ಕೆ ನಿಮ್ಮ ಹತ್ರ ಎಂತ ಉಂಟು?"

ನಾನು ಸಣ್ಣಕ್ಕನ ಮುಖ ನೋಡಿದೆ. ಅವಳು ಒಡೆದ ಕಾಯಿಯನ್ನು ಎಲೆಯಲ್ಲಿ ಸುತ್ತುತ್ತಿದ್ದಳು. "ಅದಕ್ಕೆ ಪದ್ಧತಿ ಇಲ್ಲ ಮಗಾ" ಎಂದಳು.

ಮಹೇಶ್ವರನಿಗೆ ಆಪರೇಷನ್ ಆಯಿತು. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತದೆ. ಬಾಗಿಲಿನಲ್ಲಿ ಯಾರೂ ನಿಲ್ಲುವುದಿಲ್ಲವಂತೆ. ಮಲ್ಲಿಕಾ ಪರದೆಗಳನ್ನು ಬಿಚ್ಚಿ ದಿಂಬಿನ ಚೀಲ ಹೊಲಿದಳು. ನಾನು ಆ ಶುಕ್ರವಾರದಿಂದ ಸರಿಯಾಗಿ ಉಂಡಿಲ್ಲ. ಅಂಗಡಿಯಲ್ಲಿ ಯಾರಾದರೂ ಸುಮ್ಮನೆ ನನ್ನ ಮುಖ ನೋಡುತ್ತ ನಿಂತರೆ ಸಾಕು, ಇವರು ನನ್ನಿಂದ ಏನೋ ಒಂದು ಮಾತಿಗೆ ಕಾಯುತ್ತಿದ್ದಾರೆ ಅನ್ನಿಸುತ್ತದೆ. ಯಾರೂ ಇಲ್ಲದಾಗಲೂ ಹಾಗನ್ನಿಸುತ್ತದೆ. ಐವತ್ತೆರಡು ವರ್ಷಕ್ಕೆ ಹೆದರಿಕೆ ಏನೆಂದು ನನಗೆ ಗೊತ್ತಾಗಿದೆ.

ಮೂರು ಸಲ ಶೃಂಗೇರಿಗೆ ಹೋಗಿ ಬಂದೆ. ಕೊರಗ ಪ್ರತಿ ಸಲವೂ ಚಾ ಕೊಡಿಸುತ್ತಾನೆ, ನನ್ನ ಮಂಡಿನೋವು ವಿಚಾರಿಸುತ್ತಾನೆ. ಮೊಮ್ಮಗಳು ಹುಟ್ಟಿದ್ದಾಳಂತೆ, ದಿನವೂ ತಾನೇ ಎತ್ತಿಕೊಂಡು ಆಡಿಸುತ್ತಾನಂತೆ. ಮೂರನೆಯ ಸಲ ನಾನು ತಡೆಯಲಾರದೆ ಅವನ ಕೈ ಹಿಡಿದು, "ಈಗ ಬೇಕಾದ್ರೆ ಆಣೆ ಹಾಕ್ತೇನೆ ಕೊರಗ, ಎಂತ ಹೇಳು ಅಂದ್ರೆ ಅದು ಹೇಳ್ತೇನೆ" ಎಂದೆ. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು, ಒಂದು ಪುರಿಯ ಪೊಟ್ಟಣ ನನ್ನ ಅಂಗೈಯಲ್ಲಿಟ್ಟ.

"ಮೀನಿಗೆ ಹಾಕಿ ಬನ್ನಿ ಪ್ರಸಾದಣ್ಣ" ಎಂದ. "ತಡ ಆದ್ರೆ ನಿಮ್ಮ ಬಸ್ ತಪ್ತದೆ."